ಹೂತಿದ್ದ ಎಣ್ಣೆ ಟ್ಯಾಂಕ್ ತೆಗೆಸಿದ ಮೇಲೆ ಮಣ್ಣಿನ ಪರೀಕ್ಷೆ: ನನ್ನ ಅನುಭವ

ನ್ಯೂಜೆರ್ಸಿಯಲ್ಲಿ ನಾವು ಕೊಂಡ ಹಳೇ ಮನೆಯ ಹಿತ್ತಲಲ್ಲಿ, ಮನೆ ಬೆಚ್ಚಗಿಡಲು ಉರಿಸುವ ಎಣ್ಣೆಯ ಟ್ಯಾಂಕ್ ಹೂತಿಟ್ಟಿದ್ದರು. ಮೇಲೆತ್ತಿಸಿದಾಗ ತಳದಲ್ಲಿ ತುಕ್ಕು ತಿಂದ ತೂತುಗಳು ಕಂಡವು. ಸೋರಿಕೆಯನ್ನು ಕೂಡಲೇ ರಾಜ್ಯದ ಪರಿಸರ ಇಲಾಖೆಗೆ ತಿಳಿಸಿದೆ.

ಟ್ಯಾಂಕ್ ತೆಗೆದವರು ಮೊದಲು ಪರೀಕ್ಷೆಗೆಂದು, ಅಗೆದು ಹಾಕಿದ ರಾಶಿಯಿಂದಲೇ ಮಣ್ಣು ತೆಗೆದಿದ್ದರು. ಅದು ಸಾಲದು. ಎಣ್ಣೆ ಕೆಳಕ್ಕೆ ಇಳಿಯುತ್ತದೆ, ಅಲ್ವಾ? ಟ್ಯಾಂಕ್ ಕೂತಿದ್ದ ಜಾಗದ ಕೆಳಗಿನ, ಯಾರೂ ಕದಡದ ಮಣ್ಣೇ ಬೇಕು. ಅದನ್ನು ಗಾಜಿನ ಬಾಟಲಿಗೆ ತುಂಬಿ, ಐಸ್ ಪೆಟ್ಟಿಗೆಯಲ್ಲಿಟ್ಟು ಲ್ಯಾಬ್‌ಗೆ ಕಳಿಸಿದೆವು. ಪೆಟ್ರೋಲ್ ಆಗಿದ್ದರೆ ಮುಖ್ಯವಾಗಿ ಬೆಂಜೀನ್ ಎಂಬ ರಾಸಾಯನಿಕ ನೋಡಬೇಕು. ಈ ಎಣ್ಣೆಗೆ ಇಪಿಎಚ್ ಪರೀಕ್ಷೆ, ಅಂದರೆ ಮಣ್ಣಿನಲ್ಲಿ ಪೆಟ್ರೋಲಿಯಂ ಎಣ್ಣೆಯ ಅಂಶ ಎಷ್ಟಿದೆ ಎಂದು ಅಳೆಯುವುದು.

ಒಂದು ಮೂಲೆಯಲ್ಲಿ ಎಣ್ಣೆಯ ಅಂಶ ಜಾಸ್ತಿ ಬಂತು. ಅಲ್ಲಷ್ಟೇ ಇನ್ನೂ ಆಳ ಅಗೆಸಿ, ಮತ್ತೆ ಮಾದರಿ ಕೊಟ್ಟೆ. ಈ ಸಲ ಮಿತಿಯೊಳಗೆ ಬಂತು. ಆ ವರದಿ ಕೈಗೆ ಬಂದ ಮೇಲೆಯೇ ಗುಂಡಿ ಮುಚ್ಚಿಸಿದೆ.