ಎಂಟು ದಿನ ತೋಮ ಎಲ್ಲಿದ್ದ?

ಅಮ್ಮ ತೀರಿಕೊಂಡ ಮೇಲೆ ನಾನು ಪ್ರಾರ್ಥನೆ ಬಿಟ್ಟೆ. ಅದು ಯಾರಿಗೂ ಗೊತ್ತಾಗಲಿಲ್ಲ. ಭಾನುವಾರ ಸಭೆಗೆ ಹೋಗುತ್ತಿದ್ದೆ, ಹಾಡುತ್ತಿದ್ದೆ, ಎಲ್ಲರ ಜೊತೆ ಆಮೆನ್ ಅನ್ನುತ್ತಿದ್ದೆ. ಒಳಗೆ ಏನೂ ಇರಲಿಲ್ಲ. ಏಳು ತಿಂಗಳು ಅಮ್ಮನ ತಲೆಯ ಮೇಲೆ ಕೈಯಿಟ್ಟು 'ಗುಣ ಮಾಡು ಸ್ವಾಮಿ' ಎಂದು ಬೇಡಿದ್ದೆ. ಗುಣವಾಗಲಿಲ್ಲ. ಸಮಾಧಾನ ಹೇಳಲು ಬಂದ ಒಬ್ಬರು 'ನಿಮ್ಮ ವಿಶ್ವಾಸ ಸ್ವಲ್ಪ ಕಡಿಮೆಯಾಯಿತೇನೋ' ಅಂದರು. ಆ ಮಾತು ಬಹಳ ದಿನ ಮುಳ್ಳಿನ ಹಾಗೆ ಒಳಗೇ ಉಳಿಯಿತು.

ಆಮೇಲೆ ಅನುಮಾನ ಎಲ್ಲದಕ್ಕೂ ಹಬ್ಬಿತು. ಯೇಸು ಸತ್ತು ಮತ್ತೆ ಎದ್ದು ಬಂದ ಪುನರುತ್ಥಾನ ನಿಜವಾ? ಯೇಸುವಿನ ಬದುಕನ್ನು ಹೇಳುವ ಸುವಾರ್ತೆಗಳನ್ನು ನಂಬಬಹುದಾ? ನಿದ್ದೆಗೆಟ್ಟು ಓದಿದೆ. ಓದಿದ್ದು ದಂಡವಾಗಲಿಲ್ಲ. ಆದಿ ಸಭೆಯ ಬೋಧಕ ಪೌಲ ಕೊರಿಂಥ ಪಟ್ಟಣದ ವಿಶ್ವಾಸಿಗಳಿಗೆ ಮೊದಲ ಪತ್ರ ಬರೆದದ್ದು ಯೇಸು ಸತ್ತು ಸುಮಾರು 25 ವರ್ಷಗಳ ಒಳಗೆ. ಎದ್ದು ಬಂದ ಯೇಸುವನ್ನು ಒಟ್ಟಿಗೆ ಕಂಡ ಐನೂರಕ್ಕೂ ಹೆಚ್ಚು ಜನರಲ್ಲಿ ಬಹಳ ಮಂದಿ ಇನ್ನೂ ಬದುಕಿದ್ದಾರೆ ಎಂದು ಅದರ 15ನೇ ಅಧ್ಯಾಯದಲ್ಲಿ ಬರೆದಿದ್ದಾನೆ. ತಲೆಗೆ ಅಷ್ಟು ಸಾಕಿತ್ತು. ಆದರೆ ನನ್ನ ಅನುಮಾನ ಹುಟ್ಟಿದ್ದು ಆಸ್ಪತ್ರೆಯ ಹಾಸಿಗೆ ಪಕ್ಕದಲ್ಲಿ. ಅದು ಅರ್ಥವಾಗಲು ಒಂದು ವರ್ಷ ಹಿಡಿಯಿತು.

ಅರ್ಥ ಮಾಡಿಸಿದ್ದು ಬೈಬಲಿನ 88ನೇ ಕೀರ್ತನೆ. ಅಳುವ ಕೀರ್ತನೆಗಳು ಸಾಮಾನ್ಯವಾಗಿ ಕೊನೆಗೆ ಸ್ತುತಿಗೆ ಬಂದು ನಿಲ್ಲುತ್ತವೆ. ಇದು ಹಾಗಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಬರೆದವನು ದೇವರ ಮೇಲೆ ದೂರು ಹೇಳುತ್ತಾನೆ, ಅದನ್ನು ಹೇಳುವುದೂ ದೇವರಿಗೇ. ನಾನು ವರ್ಷದಿಂದ ದೇವರ ಬಗ್ಗೆ ನನ್ನಷ್ಟಕ್ಕೇ ಗೊಣಗುತ್ತಿದ್ದೆ, ಅವನ ಜೊತೆ ಮಾತು ಬಿಟ್ಟಿದ್ದೆ. ಜಗಳವಾದ ಮನೆಯಲ್ಲಿ ಗೋಡೆಗೆ ಹೇಳುವ ಹಾಗೆ ಮಾತಾಡುತ್ತಾರಲ್ಲ, ಹಾಗೆ.

ಅವತ್ತು ರಾತ್ರಿ ಬಾಗಿಲು ಹಾಕಿಕೊಂಡು ಆ ಕೀರ್ತನೆಯನ್ನು ಗಟ್ಟಿಯಾಗಿ ಓದಿದೆ. ಕೊನೆಗೆ ನನ್ನದೊಂದು ಮಾತು ಸೇರಿಸಿದೆ: 'ಯಾಕೆ ಕೇಳಿಸಿಕೊಳ್ಳಲಿಲ್ಲ?' ದಿನವೂ ಇಷ್ಟೇ, ಹತ್ತು ನಿಮಿಷ. ಕೆಲವು ದಿನ ಎರಡೇ ನಿಮಿಷಕ್ಕೆ ಎದ್ದುಬಿಟ್ಟೆ. ವಿಶ್ವಾಸ ಬಂದ ಮೇಲೆ ಪ್ರಾರ್ಥಿಸೋಣ ಎಂದಿದ್ದರೆ ಇನ್ನೂ ಕಾಯುತ್ತಾ ಕೂತಿರುತ್ತಿದ್ದೆ. ಮಾರ್ಕನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ನರಳುವ ಮಗನನ್ನು ಯೇಸುವಿನ ಹತ್ತಿರ ಕರೆತಂದ ಆ ತಂದೆ ಕಾಯಲಿಲ್ಲ. ನಂಬುತ್ತೇನೆ ಅಂತಲೂ, ನನ್ನ ಅಪನಂಬಿಕೆಗೆ ಸಹಾಯ ಮಾಡು ಅಂತಲೂ ಒಂದೇ ಉಸಿರಿಗೆ ಕೂಗಿದ. ಅವನ ಮಗ ಗುಣವಾದ, ನಿಜ. ನನ್ನ ಅಮ್ಮ ಗುಣವಾಗಲಿಲ್ಲ. ಆ ಭಾಗ ಓದುವಾಗ ಈಗಲೂ ಗಂಟಲು ಕಟ್ಟುತ್ತದೆ.

ಇನ್ನೊಂದು ಕೆಲಸ ಇದಕ್ಕಿಂತ ಕಷ್ಟವಾಯಿತು. ಸಭೆಯ ಒಬ್ಬ ಹಿರಿಯರ ಹತ್ತಿರ ಹೋಗಿ 'ನನಗೆ ನಂಬೋಕೆ ಆಗ್ತಾ ಇಲ್ಲ ಆಂಟಿ' ಅಂದೆ. ಬೈಯುತ್ತಾರೆ ಅಂದುಕೊಂಡಿದ್ದೆ. 'ತೋಮ ಎಂಟು ದಿನ ಎಲ್ಲಿದ್ದ ನೋಡು' ಅಂದರು, ಅಷ್ಟೇ.

ಯೋಹಾನನ ಸುವಾರ್ತೆಯ 20ನೇ ಅಧ್ಯಾಯ ತೆಗೆದೆ. ತೋಮ ಯೇಸುವಿನ ಶಿಷ್ಯರಲ್ಲಿ ಒಬ್ಬ. ಎದ್ದು ಬಂದ ಕರ್ತನನ್ನು ನೋಡಿದೆವು ಎಂದು ಉಳಿದ ಶಿಷ್ಯರು ಹೇಳಿದರೂ ತೋಮ ಒಪ್ಪಲಿಲ್ಲ. ಎಂಟು ದಿನ ಬಿಟ್ಟು ಯೇಸು ಬಂದಾಗ ನೋಡಿದರೆ ಅವನು ಅವರ ಜೊತೆಯಲ್ಲೇ ಇದ್ದಾನೆ! ಅವರು ಹೊರಗೆ ಹಾಕಿರಲಿಲ್ಲ, ಇವನೂ ಬಿಟ್ಟು ಹೋಗಿರಲಿಲ್ಲ. ಪಾಪ, ಅವನ ಹೆಸರಿಗೆ ಅನುಮಾನವನ್ನೇ ಅಂಟಿಸಿದ್ದೇವೆ. 11ನೇ ಅಧ್ಯಾಯದಲ್ಲಿ, ಬನ್ನಿ, ಆತನ ಜೊತೆ ನಾವೂ ಸಾಯೋಣ ಅಂದವನು ಇವನೇ ಅಲ್ವಾ?

ಅಲ್ಲಿಂದ ನಾಟಕ ಬಿಟ್ಟೆ. ಹಾಡಲಾಗದ ಭಾನುವಾರ ಸುಮ್ನೆ ನಿಂತಿರುತ್ತಿದ್ದೆ. ನನ್ನ ಪಾಲಿನದನ್ನೂ ಪಕ್ಕದವರೇ ಹಾಡಲಿ ಅನ್ನಿಸುತ್ತಿತ್ತು.

ವಿಶ್ವಾಸ ಯಾವತ್ತು ಬಂತು ಎಂದರೆ ಹೇಳಲಾರೆ. ಒಂದು ರಾತ್ರಿ ದೂರೆಲ್ಲ ಮುಗಿಸಿ ಏಳುವಾಗ 'ನಾಳೆ ಬರ್ತೀನಿ' ಎಂದು ಬಾಯಿಗೆ ಬಂತು. ಅಲ್ಲಿ ಯಾರೂ ಇಲ್ಲ ಅಂದುಕೊಂಡವರು ಹಾಗೆ ಹೇಳಿ ಹೊರಡುವುದಿಲ್ಲವಲ್ಲ.

'ಗುಣ ಮಾಡು' ಎನ್ನುವ ಒಂದು ಪ್ರಾರ್ಥನೆ ಮಾತ್ರ ಆಗುತ್ತಿರಲಿಲ್ಲ. ಕಳೆದ ತಿಂಗಳು ಅದೇ ಆಂಟಿ ಹಾಸಿಗೆ ಹಿಡಿದರು. ಕೈ ಹಿಡಿದುಕೊಂಡು ಕೂತೆ. ಬಹಳ ಹೊತ್ತು ಮಾತೇ ಹೊರಡಲಿಲ್ಲ. ಆಮೇಲೆ ಕೇಳಿದೆ. ಧ್ವನಿ ನಡುಗಿತು, ಆದರೂ ಕೇಳಿದೆ. ಅವರು ಇನ್ನೂ ಚೇತರಿಸಿಕೊಂಡಿಲ್ಲ. ನಾಳೆ ಮತ್ತೆ ಹೋಗಬೇಕು.