ಮಾರ್ಫಿನ್ ಮಾತ್ರೆ ಹಳ್ಳಿಯ ಮನೆಗೆ ತಲುಪಿದ ಬಗೆ

ತಾಲ್ಲೂಕು ಕೇಂದ್ರವೊಂದರ ಸಣ್ಣ ಟ್ರಸ್ಟ್ ಆಸ್ಪತ್ರೆಯಲ್ಲಿ ಉಪಶಾಮಕ ಆರೈಕೆಯ, ಅಂದರೆ ಗಂಭೀರ ಕಾಯಿಲೆಯವರ ನೋವು-ಸಂಕಟ ತಗ್ಗಿಸುವ ಆರೈಕೆಯ, ನರ್ಸ್ ಆಗಿ ಕೆಲಸ ಮಾಡುತ್ತಿರುವ ನಾನು ನೋಡುವ ರೋಗಿಗಳಲ್ಲಿ ಹೆಚ್ಚಿನವರು ಬಾಯಿ, ಗಂಟಲು, ಗರ್ಭಕಂಠದ ಕ್ಯಾನ್ಸರ್ ಮುಂದುವರಿದು ಆಸ್ಪತ್ರೆಗಳಿಂದ ಮನೆಗೆ ಮರಳಿದವರು. ಗಾಯ ತೊಳೆಯುವುದು, ಹಾಸಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವುದನ್ನು ಮನೆಯವರಿಗೆ ಕಲಿಸುವುದು ಇವೆಲ್ಲ ಹೇಗೋ ಸಾಗುತ್ತಿದ್ದವು. ಆದರೆ ನೋವಿನ ಮಾತ್ರೆಯಾದ ಟ್ರಮಡಾಲ್‌ಗೆ ಬಗ್ಗದ ನೋವಿಗೆ ವೈದ್ಯರು ಅದಕ್ಕಿಂತ ಪ್ರಬಲವಾದ, ಅಫೀಮಿನಿಂದ ತಯಾರಾಗುವ ಮಾರ್ಫಿನ್ ಬರೆದುಕೊಟ್ಟರೆ ಅದು ನಮ್ಮ ಊರಿನ ಯಾವ ಔಷಧಿ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಬೆಂಗಳೂರಿನಿಂದ ತರಲು ಮಾತ್ರೆಯ ಬೆಲೆಗಿಂತ ಬಸ್ ಖರ್ಚು ಮತ್ತು ಕಳೆದುಕೊಂಡ ಕೂಲಿಯೇ ಹೆಚ್ಚಾಗುತ್ತಿತ್ತು.

ಇದಕ್ಕೆ ಕಾನೂನನ್ನೇ ದೂರುವುದು ರೂಢಿ. 1985ರ ಮಾದಕ ವಸ್ತುಗಳ ಕಾಯಿದೆಯಡಿ ಹಲವು ಇಲಾಖೆಗಳ ಪರವಾನಗಿ ಬೇಕಾಗಿದ್ದ ಕಾಲದಲ್ಲಿ ಆ ದೂರು ನ್ಯಾಯವಾಗಿಯೇ ಇತ್ತು. 2014ರ ತಿದ್ದುಪಡಿಯ ನಂತರ ಮಾರ್ಫಿನ್ ಸೇರಿದಂತೆ ಅಗತ್ಯ ಮಾದಕ ಔಷಧಗಳನ್ನು ಇಟ್ಟುಕೊಂಡು ಕೊಡಲು ಆಸ್ಪತ್ರೆಗೆ ರಾಜ್ಯದ ಔಷಧ ನಿಯಂತ್ರಕರು ಕೊಡುವ ಒಂದೇ ಮಾನ್ಯತೆ ಸಾಕು. ಅದಕ್ಕೆ ನೋವು ಶಮನ ಮತ್ತು ಉಪಶಾಮಕ ಆರೈಕೆಯಲ್ಲಿ ತರಬೇತಿ ಪಡೆದ ವೈದ್ಯರೊಬ್ಬರಿರಬೇಕು, ದಾಸ್ತಾನಿನ ಲೆಕ್ಕ ಇಡಬೇಕು. ನಮಗೆ ತೊಡಕಾದದ್ದು ಅರ್ಜಿಯಲ್ಲ, ಆಡಳಿತ ಮಂಡಳಿಯ ಅಂಜಿಕೆ. ‘ಲೆಕ್ಕದಲ್ಲಿ ಒಂದು ಮಾತ್ರೆ ಹೆಚ್ಚುಕಡಿಮೆಯಾದರೆ ಪೊಲೀಸರು ಬರುವುದಿಲ್ಲವೇ’ ಎಂಬುದೇ ಅವರ ಪ್ರಶ್ನೆಯಾಗಿತ್ತು. ನಿಯಮಗಳನ್ನು ಕನ್ನಡದಲ್ಲಿ ಬರೆದು, ಎರಡು ಬೀಗದ ಕಪಾಟನ್ನೂ ವಹಿಯ ಮಾದರಿಯನ್ನೂ ಎದುರಿಗಿಟ್ಟ ಮೇಲಷ್ಟೇ ಅಧ್ಯಕ್ಷರು ಸಹಿ ಹಾಕಿದರು. ವೈದ್ಯರು ತರಬೇತಿ ಮುಗಿಸಿ ಬಂದರು, ಮಾನ್ಯತೆಯೂ ಬಂತು.

ಈಗ ರೋಗಿಯ ಮನೆಯವರಲ್ಲಿ ಒಬ್ಬರನ್ನು ಹೊಣೆಗಾರರೆಂದು ಗುರುತಿಸಿ, ಅವರ ಸಹಿ ಪಡೆದು ಮಾತ್ರೆ ಕೊಡುತ್ತೇವೆ. ನಾಲ್ಕು ಗಂಟೆಗೊಮ್ಮೆ ಎಂದರೆ ಗಡಿಯಾರ ನೋಡದ ಮನೆಗಳಲ್ಲಿ ನಡೆಯದು. ಆದ್ದರಿಂದ ಕ್ಯಾಲೆಂಡರಿನ ಹಿಂಬದಿಯಲ್ಲಿ ಬೆಳಗಿನ ಕಾಫಿ, ತಿಂಡಿಯ ನಂತರ, ಊಟದ ಹೊತ್ತು, ದೀಪ ಹಚ್ಚುವ ಹೊತ್ತು, ಮಲಗುವಾಗ ಎಂದು ಗೆರೆ ಹಾಕಿಕೊಡುತ್ತೇನೆ. ರಾತ್ರಿ ಎಬ್ಬಿಸಬೇಕಾಗದಂತೆ ಮಲಗುವಾಗಿನ ಪ್ರಮಾಣವನ್ನು ವೈದ್ಯರು ಇಮ್ಮಡಿಯಾಗಿ ಬರೆಯುತ್ತಾರೆ. ಮಲಬದ್ಧತೆಯ ಮಾತ್ರೆಯನ್ನು ಮೊದಲ ದಿನದಿಂದಲೇ ಜೊತೆಗೆ ಕೊಡದಿದ್ದರೆ ರೋಗಿ ಮಾರ್ಫಿನ್ನನ್ನೇ ಬಿಟ್ಟುಬಿಡುತ್ತಾರೆ. ‘ಅಪ್ಪನಿಗೆ ಚಟ ಹತ್ತೋದಿಲ್ವಾ ಸಿಸ್ಟರ್?’ ಎಂದು ಕೇಳದ ಮಗನಿಲ್ಲ. ನೋವಿಗೆ ತಕ್ಕಷ್ಟೇ ಕೊಡುತ್ತಿದ್ದೇವೆಂದು ಹೇಳುತ್ತೇನೆ. ಆದರೂ ಅಪ್ಪ ಕೂತು ಮುದ್ದೆ ಉಂಡ ದಿನವೇ ಆ ಮಗನಿಗೆ ನಂಬಿಕೆ ಬರುವುದು. ರೋಗಿ ತೀರಿಕೊಂಡರೆ ಉಳಿದ ಮಾತ್ರೆಗಳನ್ನು ಮರಳಿ ಪಡೆದು ವಹಿಯಲ್ಲಿ ನಮೂದಿಸುತ್ತೇವೆ.

ಹಣದ ವಿಷಯದಲ್ಲಿ ದಾರಿ ಇನ್ನೂ ತೆರೆದಿಲ್ಲ. ಆಯುಷ್ಮಾನ್ ಭಾರತ್ ಯೋಜನೆಯ ಪ್ಯಾಕೇಜುಗಳು ಆಸ್ಪತ್ರೆಯ ಚಿಕಿತ್ಸೆಯನ್ನು ಅಳತೆಯಾಗಿಟ್ಟುಕೊಂಡವು. ಮನೆಗೆ ಹೋಗಿ ಗಾಯ ಕಟ್ಟಿ ಬರುವ ನಮ್ಮ ಭೇಟಿ ಅದರಲ್ಲಿ ಬರುವುದಿಲ್ಲ. ಖಾಸಗಿ ವಿಮೆಯಿದ್ದ ಒಬ್ಬ ರೋಗಿಯ ಅರ್ಜಿಯೂ ಇದೇ ಕಾರಣಕ್ಕೆ ತಿರಸ್ಕೃತವಾಯಿತು. ಸದ್ಯ ಜೀಪಿನ ಡೀಸೆಲ್ ದಾನಿಗಳ ಹಣದಿಂದ ನಡೆಯುತ್ತಿದೆ. ಆದ್ದರಿಂದ ದೂರದ ಹೋಬಳಿಗಳಿಗೆ ವಾರದಲ್ಲಿ ಒಂದೇ ದಿನ ಹೋಗುತ್ತೇವೆ, ಉಳಿದ ದಿನ ಫೋನಿನಲ್ಲಿ ವಿಚಾರಿಸಿಕೊಳ್ಳುತ್ತೇವೆ.