ಸ್ಟೀಮ್ ಲೈನಿನ ಫ್ಲಾಂಜ್ ಸೋರದಂತೆ ಕೂರಿಸೋದು: ನನ್ನ ಅನುಭವ

ದಾವಣಗೆರೆ ಸುತ್ತ ಭದ್ರಾ ನಾಲೆ ನೀರು ಹರಿಯುವಲ್ಲೆಲ್ಲ ಭತ್ತ, ಭತ್ತ ಇದ್ದಲ್ಲಿ ರೈಸ್ ಮಿಲ್. ಕುಸುಬಲಕ್ಕಿ ಮಾಡುವ ಮಿಲ್‌ಗಳ ಬಾಯ್ಲರ್ ಮತ್ತು ಸ್ಟೀಮ್ ಲೈನ್ ಕೆಲಸವೇ ನನ್ನ ಜೀವನ. ಫ್ಲಾಂಜ್ ಅಂದರೆ ಪೈಪ್ ತುದಿಯ ದಪ್ಪ ತಟ್ಟೆ; ಅಂಥ ಎರಡನ್ನು ಎದುರು ಬದುರಿಟ್ಟು, ನಡುವೆ ಗ್ಯಾಸ್ಕೆಟ್ ಅಂದರೆ ಪ್ಯಾಕಿಂಗ್ ಇಟ್ಟು ಬೋಲ್ಟ್ ಬಿಗಿಯುತ್ತೇವೆ. ಅಲ್ಲಿ ಸೋರಿದರೆ ಎಲ್ಲರೂ ಮೊದಲು ಹೇಳೋದು ಪ್ಯಾಕಿಂಗ್ ಸರಿಯಿಲ್ಲ ಅಂತ. ನಾನು ಮೊದಲು ನೋಡೋದು ಬೋಲ್ಟ್.

ಯಾಕೆ ಅಂದರೆ ಲೆಕ್ಕವೇ ಹಾಗಿದೆ. 4 ಇಂಚಿನ ಲೈನ್, ಚದರ ಸೆಂಟಿಮೀಟರ್‌ಗೆ 10 ಕೆಜಿ ಪ್ರೆಶರ್ ಅಂದುಕೊಳ್ಳಿ. ಫ್ಲಾಂಜನ್ನು ಅಗಲಿಸಲು ಸ್ಟೀಮ್ ತಳ್ಳುವ ಬಲ ಒಂದೂವರೆಯಿಂದ ಎರಡು ಟನ್. ಆದರೆ 8 ಬೋಲ್ಟ್ ಸೇರಿ ನಾನು ಕೊಡುವ ಬಿಗಿ ಹೆಚ್ಚುಕಡಿಮೆ 30 ಟನ್. ಇಷ್ಟೊಂದು ಬೇಕಾ? ಬೇಕು. ಫ್ಲಾಂಜ್ ಮುಖದ ಸಣ್ಣ ಸಣ್ಣ ಗೆರೆಗಳೊಳಗೆ ಗ್ಯಾಸ್ಕೆಟ್ ಇಳಿದು ಕೂರಬೇಕು. ಅದರ ಜೊತೆಗೆ, 180 ಡಿಗ್ರಿ ದಾಟಿದ ಬಿಸಿಗೆ ಅದು ಕುಗ್ಗಿದ ಮೇಲೂ ಸಾಕಷ್ಟು ಬಿಗಿ ಉಳಿದಿರಬೇಕು.

ಬಿಚ್ಚಿದ ಹಳೇ ಗ್ಯಾಸ್ಕೆಟನ್ನು ಬಿಸಾಡಲು ನಾನು ಬಿಡಲ್ಲ. ಬೆಳಕಿಗೆ ಹಿಡಿದು ನೋಡುತ್ತೇನೆ. ಒಂದು ಕಡೆ ಗೆರೆಗಳ ಅಚ್ಚು ಆಳವಾಗಿ ಬಿದ್ದು, ಎದುರು ಕಡೆ ನುಣ್ಣಗೆ ಹೊಸದರ ಹಾಗೇ ಇದ್ದರೆ ಎರಡು ಫ್ಲಾಂಜ್ ಸಮಕ್ಕೆ ಬಂದಿಲ್ಲ ಅಂತ ಅರ್ಥ. ಪೈಪ್ ಎಳೆದು ಬೋಲ್ಟ್‌ನಿಂದಲೇ ಜೋಡಿಸಿರುತ್ತಾರೆ. ಅಂಥಲ್ಲಿ ಎಷ್ಟು ದುಬಾರಿ ಗ್ಯಾಸ್ಕೆಟ್ ತಂದರೂ ಸುಮ್ನೆ ದುಡ್ಡು ಹೋಗುತ್ತದೆ. ಮೊದಲು ಪೈಪ್ ಸಪೋರ್ಟ್ ಸರಿ ಮಾಡಿಸುತ್ತೇನೆ.

ಗ್ಯಾಸ್ಕೆಟ್ ದಪ್ಪ ಇದ್ದಷ್ಟೂ ಒಳ್ಳೇದು ಅನ್ನೋ ನಂಬಿಕೆ ನಮ್ಮ ಕಡೆ ಜಾಸ್ತಿ. ನಾನು ಒಪ್ಪಲ್ಲ. ಮುಖ ಚೆನ್ನಾಗಿದ್ದರೆ 3 ಎಂಎಂಗಿಂತ ಒಂದೂವರೆ ಎಂಎಂ ಶೀಟೇ ಬಿಗಿ ಹಿಡಿದುಕೊಳ್ಳುತ್ತದೆ. ಗ್ಯಾಸ್ಕೆಟ್‌ಗೆ ಗ್ರೀಸ್ ಅಂತೂ ಹಚ್ಚಲೇಬಾರದು, ಜಾರಿ ಹೊರಗೆ ಬರುತ್ತದೆ.

ಎಣ್ಣೆ ಬೇಕಾಗಿರೋದು ಬೋಲ್ಟ್‌ಗೆ. ಸ್ಪ್ಯಾನರ್‌ಗೆ ಹಾಕಿದ ಶಕ್ತಿಯಲ್ಲಿ ಬೋಲ್ಟನ್ನು ಎಳೆಯೋದು ಹತ್ತರಲ್ಲಿ ಒಂದು ಪಾಲು ಮಾತ್ರ. ಉಳಿದದ್ದೆಲ್ಲ ನಟ್ ಕೆಳಗಿನ ಮತ್ತು ಥ್ರೆಡ್‌ನ ಉಜ್ಜಾಟಕ್ಕೆ ಹೋಗುತ್ತದೆ. ಥ್ರೆಡ್‌ಗೂ ನಟ್‌ನ ತಳಕ್ಕೂ ಎಣ್ಣೆ ಹಚ್ಚಿದ 16 ಎಂಎಂ ಬೋಲ್ಟ್‌ಗೆ ನಾನು ಟಾರ್ಕ್ ರೆಂಚ್‌ನಲ್ಲಿ, ಅಂದರೆ ತಿರುಗಿಸುವ ಬಲ ಅಳೆಯುವ ಸ್ಪ್ಯಾನರ್‌ನಲ್ಲಿ, 100 ನ್ಯೂಟನ್ ಮೀಟರ್ ಕೊಡುತ್ತೇನೆ. ಅದೇ 100 ತುಕ್ಕು ಹಿಡಿದ ಬೋಲ್ಟ್‌ಗೆ ಕೊಟ್ಟರೆ ಸಿಗುವ ಬಿಗಿ ಅರ್ಧಕ್ಕೇ ಇಳಿಯಬಹುದು. ರೆಂಚ್ 'ಟಕ್' ಅನ್ನುತ್ತದೆ, ಬೋಲ್ಟ್ ಮಾತ್ರ ಎಳೆದಿರಲ್ಲ. ಬೋಲ್ಟ್ ತಲೆ ಮೇಲೆ 8.8 ಅಂತ ಒತ್ತಿರಬೇಕು, ಅದು ಬೋಲ್ಟ್ ಎಷ್ಟು ಗಟ್ಟಿ ಅನ್ನೋ ದರ್ಜೆಯ ಗುರುತು. 4.6ರದ್ದು ಹಾಕಿದರೆ ಇಷ್ಟು ಬಿಗಿಗೇ ಅದು ಹಿಗ್ಗಿ, ವಾಪಸ್ ಬರದ ಹಂತಕ್ಕೆ ಹೋಗುತ್ತದೆ. ಅಂಗಡಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಅದಕ್ಕೇ ಒಂದೊಂದನ್ನೂ ತಿರುಗಿಸಿ ನೋಡಿ ತರುತ್ತೇನೆ.

ಬಿಗಿ ಮಾಡೋದು ಎದುರು ಬದುರು. ಮೊದಲು 30 ನ್ಯೂಟನ್ ಮೀಟರ್, ಆಮೇಲೆ 70, ಕೊನೆಗೆ 100. ಅದಾದ ಮೇಲೆ ಸುತ್ತಲೂ ಒಂದೊಂದೇ ನಟ್, ಯಾವುದೂ ತಿರುಗದೇ ಇರುವ ತನಕ. ಪ್ರತಿ ಹಂತದಲ್ಲೂ ಎರಡು ಫ್ಲಾಂಜ್ ನಡುವಿನ ಸಂದು ನಾಲ್ಕು ಕಡೆ ಅಳೆಯುತ್ತೇನೆ.

ನಾಲ್ಕು ಗಂಟೆಯಾದರೂ ಹಾಗೇ ಬಿಟ್ಟು, ತಣ್ಣಗಿರುವಾಗಲೇ ಇನ್ನೊಂದು ಸಲ 100ಕ್ಕೆ ನೋಡುತ್ತೇನೆ. ಆಮೇಲೇ ಸ್ಟೀಮ್. ಬಿಸಿ ಲೈನ್‌ಗೆ ಸ್ಪ್ಯಾನರ್ ಹಾಕಲ್ಲ, ಮಾಲೀಕರು ಎಷ್ಟೇ ಅವಸರ ಮಾಡಲಿ. ಈ ಶೀಟ್ ಗ್ಯಾಸ್ಕೆಟ್‌ಗಳಲ್ಲಿ ನಾರನ್ನು ಹಿಡಿದಿರೋದು ರಬ್ಬರ್. ಒಮ್ಮೆ ಕಾದರೆ ಅದು ಗಟ್ಟಿಯಾಗುತ್ತದೆ. ಆಮೇಲೆ ಬಿಗಿ ಮಾಡಿದರೆ ಒಳಗೇ ಬಿರುಕು ಬಿಡುತ್ತದೆ, ಅಲ್ಲೇ ಸ್ಟೀಮ್ ದಾರಿ ಮಾಡಿಕೊಳ್ಳುತ್ತದೆ. ಸೋರಿದರೆ ಲೈನ್ ನಿಲ್ಲಿಸಿ, ಪ್ರೆಶರ್ ಇಳಿಸಿ, ಹೊಸ ಗ್ಯಾಸ್ಕೆಟ್ ಹಾಕೋದೇ.